ತಪ್ಪಿಲ್ಲದವರ ಸೆರೆವಾಸ

ಅಪರಾಧವಿಲ್ಲದೆ, ವಿಚಾರಣೆಯೂ ಇಲ್ಲದೆ ಸೆರೆವಾಸ ಸಾಧ್ಯವೇ? ಅಮೆರಿಕದ ಚರಿತ್ರೆಯನ್ನು ನೋಡಿ.

1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರು ಮನೆ, ಹೊಲ, ಅಂಗಡಿ ತೊರೆದು ಮುಳ್ಳುತಂತಿಯ ಶಿಬಿರ ಸೇರಬೇಕಾಯಿತು. ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ. ವಲಸೆ ಬಂದ ಹಿರಿಯರಿಗಾದರೋ ಕಾನೂನು ಪೌರತ್ವವನ್ನೇ ನಿರಾಕರಿಸಿತ್ತು. ಈಗ ಪರದೇಶದವರೆಂದು ಶಂಕಿಸಿತು.

ಫ್ರೆಡ್ ಕೊರೆಮಾಟ್ಸು ಎಂಬ ಯುವಕರು ಮನೆ ಬಿಡಲು ಒಪ್ಪಲಿಲ್ಲ. 1944ರಲ್ಲಿ ಸುಪ್ರೀಂ ಕೋರ್ಟ್ ಅವರ ವಾದವನ್ನು ತಳ್ಳಿಹಾಕಿತು.

1988ರ ಕಾಯಿದೆ ಕ್ಷಮೆ ಯಾಚಿಸಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಪರಿಹಾರ ಗೊತ್ತುಮಾಡಿತು. ಅಷ್ಟರಲ್ಲಿ ಎಷ್ಟೋ ಹಿರಿಯರು ತೀರಿಕೊಂಡಿದ್ದರು. ಅವರಿಗೆ ನ್ಯಾಯ ಸಿಕ್ಕಿತೇ? ನೀವೇ ಯೋಚಿಸಿ.