ಪಿಕಪ್ಪಿನ ಪಟ್ಟಾ, ಚಾಳೀಸಗಾಂವದ ಟಾಂಗಾ



ನಿನ್ನೆ ನಮ್ಮ ಹಳೇ ಪಿಕಪ್‌ನ ಹಿಂದಿನ ಕಮಾನು ಪಟ್ಟಾ ಮುರೀತು. ಕೇರಿಯ ತಮ್ಮನೇ ಬಂದು ಬಿಚ್ಚಿದ. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್‌ಗೆ ಜಾಕ್ ಹಿಡಿದು, ಯು-ಬೋಲ್ಟ್ ತೆಗೆದ. ಮೇನ್ ಪ್ಲೇಟು ಸೆಂಟರ್ ಬೋಲ್ಟಿನ ತೂತಿನ ಹತ್ರಾನೇ ತುಂಡಾಗಿತ್ತು. "ಲೋಡಷ್ಟೇ ಅಲ್ಲಣ್ಣ, ಯು-ಬೋಲ್ಟ್ ಲೂಸಿದ್ರೂ ಹಿಂಗೇ ಆಗೋದು" ಅಂದ.

ಅವನ ಕೈ ನೋಡ್ತಾ ಬಾಬಾಸಾಹೇಬರು ಬರೆದಿಟ್ಟ ಎರಡು ಪ್ರಯಾಣ ನೆನಪಾದವು. 1901ರಲ್ಲಿ ಮಸೂರ್ ಸ್ಟೇಷನ್ನಿನಲ್ಲಿ ಇಳಿದ ಮಹಾರ್ ಮಕ್ಕಳಿಗೆ ಯಾರೂ ಗಾಡಿ ಹೊಡೆಯಲು ಒಪ್ಪಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕಾಯಿತು.

1929ರಲ್ಲಿ ಅದೇ ಬಾಲಕ ಬ್ಯಾರಿಸ್ಟರ್ ಆಗಿ, ಸರ್ಕಾರಿ ಸಮಿತಿಯ ಸದಸ್ಯರಾಗಿ ಚಾಳೀಸಗಾಂವಕ್ಕೆ ಬಂದರು. ಆಗಲೂ ಟಾಂಗಾವಾಲಾಗಳು ಒಲ್ಲೆ ಅಂದರು. ಟಾಂಗಾ ಮಾತ್ರ ಬಾಡಿಗೆಗೆ ಸಿಕ್ಕಿತು. ಟಾಂಗಾ ಹೊಡೆದು ರೂಢಿಯಿಲ್ಲದ ನಮ್ಮವರೊಬ್ಬರು ಲಗಾಮು ಹಿಡಿದರು. ಸೇತುವೆಯ ಕಲ್ಲುಗಳ ನಡುವೆ ಚಕ್ರ ಸಿಕ್ಕಿಕೊಂಡಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಕುದುರೆ, ಟಾಂಗಾ ನದಿಗೆ ಬಿದ್ದವು.

ಆ ಬಂಧುವಿನ ತಪ್ಪೇನು? ಕಲಿಯೋಕೆ ಅವನಿಗೆ ಟಾಂಗಾ ಯಾರು ಕೊಟ್ಟಿದ್ರು? ಜಾತಿ ನಮ್ಮ ಸವಾರಿಯ ಜೊತೆಗೆ ಕಸುಬನ್ನೂ ಕಿತ್ತುಕೊಂಡಿತ್ತು.

ತಮ್ಮ ಹೊಸ ಪ್ಲೇಟು, ಹೊಸ ಯು-ಬೋಲ್ಟು ಹಾಕಿ ಬಿಗಿದ. "ಸ್ವಲ್ಪ ದಿನ ಓಡ್ಸಿ ಬಾರಣ್ಣ, ಇನ್ನೊಂದ್ಸಲ ಬಿಗೀಬೇಕು" ಅಂದ.

ನಿಮ್ಮ ಕೇರೀಲೂ ಇಂಥ ಹುಡುಗರು ಇರ್ತಾರೆ. ಜಯಂತಿಗೆ ಫ್ಲೆಕ್ಸ್ ಹಾಕಿಸೋ ದುಡ್ಡಲ್ಲಿ ಅವರಿಗೊಂದು ಪಾನಾ ಸೆಟ್ ಕೊಡಿಸಿ.

ಜೈಭೀಮ್.