ಉಳಿಗೂ ಮಗ್ಗಕ್ಕೂ ತೆರಿಗೆ

ನಮಗೆ ಕಲಿಸಿದ ಚರಿತ್ರೆಯಲ್ಲಿ ತೆರಿಗೆ ಅಂದರೆ ರಾಜನ ಖಜಾನೆ. ಅರಸ ಬೆಳೆಯಲ್ಲಿ ಇಂತಿಷ್ಟು ಪಾಲು ಪಡೆದ, ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ, ಪ್ರಜೆಗಳು ಸುಖವಾಗಿದ್ದರು. ಪರೀಕ್ಷೆಯಲ್ಲಿ ಐದು ಅಂಕ. ಆ ಪಾಲು ಕೊಟ್ಟವನು ಯಾರು, ಕೊಡಲಾಗದಿದ್ದಾಗ ಅವನ ಬೆನ್ನಿಗೆ ಏನಾಯಿತು ಅನ್ನೋದನ್ನು ಯಾವ ಮೇಷ್ಟ್ರೂ ಕೇಳಲಿಲ್ಲ, ನಾವೂ ಬರೆಯಲಿಲ್ಲ.

ಕನ್ನಡ ಶಾಸನಗಳನ್ನು ತೆಗೆದು ನೋಡಿ. ಮಗ್ಗಕ್ಕೆ ಮಗ್ಗದೆರೆ, ಗಾಣಕ್ಕೆ ಗಾಣದೆರೆ, ಮದುವೆಯಾದರೆ ಅದಕ್ಕೂ ಸುಂಕ. ದುಡಿಯುವವನ ಕೈಯಲ್ಲಿ ಏನಿದೆಯೋ ಅದು ಮೊದಲು ಕರಣಿಕನ ಕಣ್ಣಿಗೆ ಬೀಳುತ್ತದೆ. ಸಂತೋಷದ ಶಾಸನವೊಂದಿದೆ, ಅದನ್ನೇ ಮೊದಲು ಹೇಳುತ್ತೇನೆ. 1540ರ ದಶಕದಲ್ಲಿ ವಿಜಯನಗರದ ಪಟ್ಟದಲ್ಲಿ ಕೂತವನು ಸದಾಶಿವರಾಯ, ಆಳುತ್ತಿದ್ದವನು ಅಳಿಯ ರಾಮರಾಯ. ಈ ರಾಮರಾಯನಿಗೆ ಕ್ಷೌರ ಮಾಡುತ್ತಿದ್ದವನು ಕೊಂಡೋಜ. ಅವನ ಕೈಕೆಲಸಕ್ಕೆ ಮೆಚ್ಚಿ ನಾಯಿಂದರ ಮೇಲಿದ್ದ ತೆರಿಗೆಯನ್ನು, ಬಿಟ್ಟಿ ಬೇಗಾರಿಯನ್ನು ಬಿಟ್ಟುಕೊಟ್ಟರು. ಬಾದಾಮಿಯಲ್ಲೂ ಬೇರೆ ಕಡೆಗಳಲ್ಲೂ ಕಲ್ಲಿನ ಮೇಲೆ ಅದು ಇವತ್ತಿಗೂ ಇದೆ.

ಕೊಂಡೋಜನ ಬಗ್ಗೆ ನನಗೆ ಬಹಳ ಅಭಿಮಾನ. ಅವನು ತನಗೊಬ್ಬನಿಗೇ ಹೊಲ, ಬಂಗಾರ ಬೇಡಿ ತೆಗೆದುಕೊಂಡು ಸುಮ್ಮನೆ ಹೋಗಬಹುದಿತ್ತು. ಅವನ ದೆಸೆಯಿಂದ ಕುಲಕಸುಬಿನವರಿಗೆಲ್ಲ ಬಿಡುಗಡೆಯಾಯಿತು. ಆದರೆ ಒಂದು ಮಾತು. ಇದು ನ್ಯಾಯ ಅಂತ ಬಿಟ್ಟ ತೆರಿಗೆಯಲ್ಲ, ನುಣ್ಣಗೆ ಗಡ್ಡ ಹೆರೆದಿದ್ದಕ್ಕೆ ಬಿಟ್ಟ ತೆರಿಗೆ. ರಾಮರಾಯನ ಗಲ್ಲ ಮುಟ್ಟುವ ಭಾಗ್ಯ ಅಗಸನಿಗಿಲ್ಲ, ಕುಂಬಾರನಿಗಿಲ್ಲ. ಇನ್ನು ಸಮಗಾರ, ಹೊಲೆಯ, ಮಾದಿಗರ ಮಾತು ಬಿಡಿ, ಅರಮನೆಯ ಬೀದಿಗೇ ಬಿಡುತ್ತಿದ್ದರೋ ಇಲ್ಲವೋ.

ಅರಸರು ಹೋದರು, ಕಂಪನಿ ಸರ್ಕಾರ ಬಂತು. ಹೆಸರು ಮಾತ್ರ ಮೊಹತರ್ಫಾ ಅಂತಾಯಿತು. ಬಳ್ಳಾರಿ, ಮಂಗಳೂರು ಕಡೆಯೆಲ್ಲ ಆಗ ಮದ್ರಾಸಿನ ಅಧೀನ. ಅಲ್ಲಿ ನೇಕಾರನ ಮಗ್ಗ, ಬಡಗಿಯ ಉಳಿ, ರಸ್ತೆ ಬದಿ ಕೂತು ಮಾರುವವರ ಬುಟ್ಟಿ, ಎಲ್ಲವೂ ಲೆಕ್ಕಕ್ಕೆ ಬಂದವು. 1852ರಲ್ಲಿ ಮದ್ರಾಸ್ ನೇಟಿವ್ ಅಸೋಸಿಯೇಷನ್ನಿನವರು ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಒಂದು ಅರ್ಜಿ ಕಳಿಸಿದರು. ಎಷ್ಟೋ ಸಲ ಸಲಕರಣೆಯ ಬೆಲೆಗಿಂತ ಅದರ ಮೇಲಿನ ತೆರಿಗೆ ಆರು ಪಟ್ಟು ಹೆಚ್ಚು ಅಂತ ಆ ಅರ್ಜಿಯಲ್ಲಿದೆ. ಒಂದು ಉಳಿ ಕೊಳ್ಳುವ ದುಡ್ಡಿನ ಆರರಷ್ಟನ್ನು ಆ ಉಳಿ ಹಿಡಿಯುವುದಕ್ಕೆ ಕೊಡಬೇಕು! ಅರ್ಜಿ ಬರೆದವರು ಬಡವರೇನಲ್ಲ, ಅನುಕೂಲಸ್ಥ ವರ್ತಕರು. ಅವರ ಬಾಯಲ್ಲೇ ಈ ಮಾತು ಬಂತು ಅಂದಮೇಲೆ ಕೇರಿಯ ಸ್ಥಿತಿ ಹೇಗಿದ್ದಿರಬೇಕು. ಕೊಡದವರನ್ನು ಏನು ಮಾಡುತ್ತಿದ್ದರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. 1855ರಲ್ಲಿ ಸರ್ಕಾರವೇ ನೇಮಿಸಿದ ಚಿತ್ರಹಿಂಸೆ ವಿಚಾರಣಾ ಆಯೋಗ ವರದಿ ಕೊಟ್ಟಿತು. ಕುತ್ತಿಗೆಯನ್ನು ಕಾಲಿಗೆ ಬಗ್ಗಿಸಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು ಕಂದಾಯ ವಸೂಲಿಯ ಒಂದು ವಿಧಾನ.

1857ರ ದಂಗೆ ಹತ್ತಿಕ್ಕಿದ ಖರ್ಚು ತುಂಬಿಸಲು 1860ರಲ್ಲಿ ಜೇಮ್ಸ್ ವಿಲ್ಸನ್ ವರಮಾನ ತೆರಿಗೆ ತಂದ. ವರ್ಷಕ್ಕೆ 200 ರೂಪಾಯಿ ದುಡಿದವನೂ ಕೊಡಬೇಕು. ಗದ್ದಲ ಎದ್ದಿತು, 1862ರಲ್ಲಿ ಮಿತಿ 500ಕ್ಕೆ ಏರಿತು, 1865ಕ್ಕೆ ತೆರಿಗೆಯೇ ನಿಂತಿತು. ಆಮೇಲೆ ಲೈಸೆನ್ಸ್ ತೆರಿಗೆ, ಸರ್ಟಿಫಿಕೇಟ್ ತೆರಿಗೆ, ಮತ್ತೆ ವರಮಾನ ತೆರಿಗೆ. ವರ್ಷಕ್ಕೊಂದು ಹೆಸರು. 1876ರಿಂದ 78ರ ದೊಡ್ಡ ಬರದಲ್ಲಿ ಜನ ದಾರಿಯಲ್ಲೇ ಬಿದ್ದು ಸತ್ತರು. ಬರ ನಿಧಿಗೆ ಬೇಕು ಅಂತ 1878ರಲ್ಲಿ ಸಣ್ಣ ವ್ಯಾಪಾರಿಗಳ ಮೇಲೆ ಮತ್ತೆ ಲೈಸೆನ್ಸ್ ತೆರಿಗೆ ಬಿತ್ತು. ಸೂರತ್ತಿನಲ್ಲಿ ಅಂಗಡಿ ಮುಚ್ಚಿ ದಂಗೆಯೆದ್ದರು. ಕೊನೆಗೆ 1886ರ ಕಾಯಿದೆ ಬಂದು ನಿಂತಿತು. ಅದರಲ್ಲಿ ಬೇಸಾಯದ ವರಮಾನಕ್ಕೆ ವಿನಾಯಿತಿ. ಒಳ್ಳೇದೇ ಆಯ್ತಲ್ಲ ಅನ್ನಿಸುತ್ತೆ. ಆದರೆ ನೂರಾರು ಎಕರೆಯ ಜಮೀನ್ದಾರನೂ ಅದೇ ವಿನಾಯಿತಿಯ ಕೊಡೆಯ ಕೆಳಗೆ ನಿಂತ. ಭೂಮಿಯೇ ಇಲ್ಲದವನು ಉಪ್ಪಿಗೆ ಕೊಟ್ಟ. 1882ರಲ್ಲಿ ಮಣಕ್ಕೆ 2 ರೂಪಾಯಿ, 1888ರಲ್ಲಿ ಎರಡೂವರೆ. ಅಂಬಲಿಗೆ ಉಪ್ಪು ಹಾಕಿಕೊಳ್ಳುವವನಿಗೆ ಮಿತಿಯೂ ಇಲ್ಲ, ವಿನಾಯಿತಿಯೂ ಇಲ್ಲ.

ಈ ಗಂಟನ್ನು ಬಿಚ್ಚಿ ತೋರಿಸಿದವರು ಬಾಬಾಸಾಹೇಬರು. ಅವರನ್ನು ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆಯಾಗಿ ನೋಡಿ ರೂಢಿಯಾದ ನಾವು, ಅವರು ಮೂಲತಃ ಹಣಕಾಸಿನ ಪಂಡಿತರು ಅನ್ನೋದನ್ನೇ ಮರೆತಿದ್ದೇವೆ. 1927ರ ಫೆಬ್ರವರಿಯಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಬಜೆಟ್ಟಿನ ಮೇಲೆ ಮಾತಾಡುತ್ತ ಅವರು ನೇರವಾಗಿ ಕೇಳಿದರು: ವರಮಾನ ತೆರಿಗೆಯವನಿಗೆ ಆ ವರ್ಷ ಗಳಿಕೆ ಇಲ್ಲದಿದ್ದರೆ ತೆರಿಗೆಯಿಲ್ಲ, ರೈತನಿಗೆ ಮಾತ್ರ ಬೆಳೆ ಬಂದರೂ ಕಂದಾಯ, ಹೋದರೂ ಕಂದಾಯ, ಒಂದೆಕರೆಗೂ ಅದೇ ನೂರೆಕರೆಗೂ ಅದೇ ದರ, ಇದು ಎಲ್ಲಿಯ ನ್ಯಾಯ? ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲ ಮುಂಬೈ ಪ್ರಾಂತ್ಯದಲ್ಲಿದ್ದವು. ಹಾಗಾಗಿ ಆ ಪ್ರಶ್ನೆ ನಮ್ಮದೂ ಹೌದು. ಕೊಂಡೋಜನಿಗೆ ಸಿಕ್ಕಿದ್ದು ದಯೆ. ಅಂಬೇಡ್ಕರ್ ಕೇಳಿದ್ದು ಕೊಡುವ ಶಕ್ತಿಯಿದ್ದವನು ಕೊಡಲಿ ಎಂಬ ನಿಯಮ. ಎರಡಕ್ಕೂ ಅಜಗಜಾಂತರ.

ಈಗಿನ ಜಿಎಸ್‌ಟಿಗೆ ಬರೋಣ. 2017ರ ಜುಲೈ 1ರಂದು ಜಾರಿಗೆ ಬಂತು. ಚಪ್ಪಲಿಯ ಕಥೆ ಕೇಳಿ. ಅಗ್ಗದ ಚಪ್ಪಲಿಗೆ ಮೊದಲು ಶೇಕಡ 5 ಇತ್ತು, 2022ರ ಜನವರಿಯಿಂದ 12 ಆಯಿತು, 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಜೋಡಿಗೆ ಮತ್ತೆ 5. ದೊಡ್ಡ ಕಂಪನಿ ಚರ್ಮ, ಅಂಟು, ಮೊಳೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಲೆಕ್ಕ ತೋರಿಸಿ ಕಳೆದುಕೊಳ್ಳುತ್ತದೆ. ಮರದಡಿ ಕೂತು ಅಟ್ಟೆ ಹೊಲಿಯುವವನೂ ಅದೇ ಅಂಟಿಗೆ ಅದೇ ತೆರಿಗೆ ಕೊಡುತ್ತಾನೆ. ನೋಂದಣಿಯಿಲ್ಲದ ಅವನಿಗೆ ಕಳೆದುಕೊಳ್ಳುವ ದಾರಿಯಿಲ್ಲ. ಬಡವರು ತೆರಿಗೆ ಕೊಡಲ್ಲ, ಸವಲತ್ತು ಮಾತ್ರ ಬೇಕು ಅಂತ ಬಸ್ಸಲ್ಲಿ ಗೊಣಗುವವರು ಇದನ್ನು ಕೇಳಿಸಿಕೊಳ್ಳಲಿ.

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಬೀಡಾ ಅಂಗಡಿ, ತರಕಾರಿಯವರಿಗೆಲ್ಲ ನೋಟೀಸು ಕೊಟ್ಟಿತು. ತರಕಾರಿ ಮಾರುವವನೊಬ್ಬನಿಗೆ ಬಂದದ್ದು ಸುಮಾರು 29 ಲಕ್ಷದ ನೋಟೀಸು. ಹಸಿ ತರಕಾರಿಗೆ ತೆರಿಗೆಯೇ ಇಲ್ಲ! ಅಂಗಡಿಗಳ ಮುಂದೆ ಯುಪಿಐ ಇಲ್ಲ, ನಗದು ಮಾತ್ರ ಅನ್ನೋ ಬೋರ್ಡು ಎದ್ದವು. ಬಂದ್ ಮಾಡುತ್ತೇವೆ ಅಂದಮೇಲೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆಸಿ, ನೋಂದಣಿ ಮಾಡಿಸಿಕೊಳ್ಳಿ, ಹಳೆಯ ಬಾಕಿ ಬಿಡುತ್ತೇವೆ ಅಂದರು. ಬಿಟ್ಟಿದ್ದು ಒಳ್ಳೆಯದೇ. ಆದರೆ ನನಗೆ ಬಾದಾಮಿಯ ಕಲ್ಲು ನೆನಪಾಯಿತು.

ನಿಯಮವನ್ನು ತಿಳಿದುಕೊಳ್ಳಿ ಗೆಳೆಯರೇ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ. ಇದು ವಹಿವಾಟು, ಲಾಭ ಅಲ್ಲ. ಬರೀ ತರಕಾರಿ, ಹಾಲು ಮಾರುವವನು ಎಷ್ಟು ಮಾರಿದರೂ ನೋಂದಣಿ ಬೇಕಿಲ್ಲ. ಪಕ್ಕದಲ್ಲಿ ಬಿಸ್ಕತ್ತು ಇಟ್ಟನೋ, ಆ ಹಾಲಿನ ದುಡ್ಡೂ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ತಂಗಿಯ ಗಂಡ ಕಳಿಸಿದ ಸಾಲದ ದುಡ್ಡು, ಚೀಟಿ ಹಣ, ಅಂಗಡಿಯ ಹಣ ಎಲ್ಲ ಒಂದೇ ಫೋನಿಗೆ ಬಿದ್ದಾಗ ಇಲಾಖೆಯ ಕಂಪ್ಯೂಟರಿಗೆ ಅವು ಬೇರೆ ಬೇರೆ ಅಂತ ಕಾಣುವುದಿಲ್ಲ. ಅದನ್ನು ಬಿಡಿಸಿ ಬರೆದಿಟ್ಟರೆ ಮಾತ್ರ ಉತ್ತರ ಕೊಡಬಹುದು. ಹಳ್ಳಿಯ ಮೇಷ್ಟ್ರುಗಳಿಗೆ, ಕಾಲೇಜು ಓದುವ ನಮ್ಮ ಹುಡುಗ ಹುಡುಗಿಯರಿಗೆ ಇದೇನು ಕಷ್ಟದ ಕೆಲಸವಲ್ಲ. ಸಂಜೆ ಹೊತ್ತು ಕೇರಿಯ ಗೂಡಂಗಡಿಯಲ್ಲಿ ಒಂದು ಗಂಟೆ ಕೂತು, ಎರಡು ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಖರೀದಿ ಒಂದು ಕಡೆ, ಮಾರಾಟ ಒಂದು ಕಡೆ, ಮನೆಯ ದುಡ್ಡು ಇನ್ನೊಂದು ಕಡೆ ಬರೆದುಕೊಡಲಿ. ಮುಂದಿನ ನೋಟೀಸು ಬರುವ ಮುಂಚೆ ಆ ಪುಸ್ತಕ ತುಂಬಿರಲಿ.