ಸಹಿ ಡಿಜಿಟಲ್ ಆಯ್ತು, ಜಾತಿ?

ಬಸವಕಲ್ಯಾಣ, ಹುಮನಾಬಾದ್ ಇನ್ನೂ ಹೈದರಾಬಾದ್ ರಾಜ್ಯದಾಗಿದ್ದಾಗ, 1950ರ ರಾಷ್ಟ್ರಪತಿ ಆದೇಶದಲ್ಲಿ ಬೇಡ ಜಂಗಮ, ಅಂದ್ರ ಬುಡ್ಗ ಜಂಗಮ, ಪರಿಶಿಷ್ಟ ಜಾತಿ ಪಟ್ಟಿಗೆ ಸೇರಿತು. ಭಿಕ್ಷೆ ಬೇಡಿ ಬದುಕಿದ ಅಲೆಮಾರಿಗಳು ಇವರು. ಮುಂದೆ ಕೆಲ ವೀರಶೈವ ಜಂಗಮರೂ ‘ನಾವೂ ಬೇಡ ಜಂಗಮರೇ’ ಅಂತ ಪ್ರಮಾಣಪತ್ರ ಕೇಳಿದರು. ಹರಳಯ್ಯನ ಕಲ್ಯಾಣದೊಳಗೇ!

ಈಗ ನಾಡಕಚೇರಿ ಪತ್ರಕ್ಕೆ ಆರ್‌ಡಿ ನಂಬರ್, ಡಿಜಿಟಲ್ ಸಹಿ. ನಂಬರ್ ಹಾಕಿದ್ರ ಪತ್ರ ಅಸಲಿ ಅಂತ ತೋರಿಸ್ತದ. ಅದರೊಳಗಿನ ಜಾತಿ? ಅದು ಗ್ರಾಮ ಆಡಳಿತ ಅಧಿಕಾರಿಯ ವರದಿ, ಶಾಲೆ ದಾಖಲೆ ಮ್ಯಾಲೇ ನಿಂತದ. ಸುಳ್ಳು ವರದಿಗೂ ಅದೇ ಸಹಿ ಬೀಳ್ತದ. ಊರಿಗೇ ಹೋಗಿ ವಿಚಾರಿಸಲು ಪರಿಶೀಲನಾ ಸಮಿತಿ, ವಿಚಕ್ಷಣ ದಳ ಬೇಕೆಂದು 1994ರ ಮಾಧುರಿ ಪಾಟೀಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದಕ್ಕೇ. ನೇಮಕಾತಿ ಪಟ್ಟಿ ಬಂದಾಗ ನಂಬರ್ ನೋಡಿ ಸುಮ್ಮನಾಗಬ್ಯಾಡ್ರಿ, ಸಿಂಧುತ್ವ ಪ್ರಮಾಣಪತ್ರ ಕೇಳ್ರಿ.